ಒಂದಡಿ ಸಿಮೆಂಟಿನ ಕಾನೂನು, ಎಂಟುನೂರಡಿಯ ಬಾವಿ

ಕೊಟ್ಟೂರು ತಾಲ್ಲೂಕಿನ ಒಂದು ಹೊಲದಲ್ಲಿ ಕೊಳವೆ ಬಾವಿ ಕೊರೆಯುವುದನ್ನು ರಾತ್ರಿಯಿಡೀ ನಿಂತು ನೋಡುವ ಪ್ರಸಂಗ ಒಮ್ಮೆ ಒದಗಿತು. ಮಣ್ಣಿನ ಮಾದರಿ ಸಂಗ್ರಹಿಸಲೆಂದು ಹೋಗಿದ್ದವನು, ರಿಗ್ಗಿನ ಲಾರಿ ಬರುತ್ತದೆಂದು ತಿಳಿದು ಅಲ್ಲಿಯೇ ಉಳಿದೆ. ಸಂಜೆ ಅಂಗೈ ಮೇಲೆ ತೆಂಗಿನಕಾಯಿ ಹಿಡಿದು ಜಾಗ ತೋರಿಸಿದವರು ದಕ್ಷಿಣೆ ಪಡೆದು ಹೋದರು. ಮೊದಲ ನಲವತ್ತು ಅಡಿ ಮಣ್ಣು, ಗರಸು, ಕೊಳೆತ ಕಲ್ಲು. ಅಲ್ಲಿಯವರೆಗೆ ಅಗಲವಾಗಿ ಕೊರೆದು ಪ್ಲಾಸ್ಟಿಕ್ಕಿನ ಕೇಸಿಂಗ್ ಪೈಪನ್ನು ಇಳಿಸಿದರು. ಪೈಪಿನ ಹೊರಮೈಗೂ ಕೊರೆದ ರಂಧ್ರದ ಗೋಡೆಗೂ ನಡುವೆ ಸುತ್ತಲೂ ಸುಮಾರು ಒಂದು ಅಂಗುಲದ ಸಂದು ಉಳಿಯಿತು. ಕೆಲಸದ ಹುಡುಗನೊಬ್ಬ ಮೇಲೆ ಬಿದ್ದಿದ್ದ ಕಲ್ಲುಪುಡಿಯನ್ನೇ ಕಾಲಿನಿಂದ ಆ ಸಂದಿಗೆ ನೂಕಿ, ಎರಡು ಬಾರಿ ತುಳಿದು, ಮುಂದಿನ ಕೆಲಸಕ್ಕೆ ಹೋದ. ಇದಕ್ಕೆ ತಗುಲಿದ್ದು ಎರಡು ನಿಮಿಷ. ಬಳಿಕ ಬೆಳಗಿನ ಜಾವದವರೆಗೂ ಕಗ್ಗಲ್ಲು. ಎಂಟುನೂರು ಅಡಿ ಸಮೀಪಿಸಿದಾಗ ಒಂದೂವರೆ ಇಂಚು ನೀರು.

"ಆ ಸಂದಿಗೆ ಸಿಮೆಂಟು ತುಂಬುವುದಿಲ್ಲವೇ?" ಎಂದು ಕೇಳಿದೆ. ಹೊಲದ ಯಜಮಾನರು ನಕ್ಕರು. "ಮೊದ್ಲು ನೀರು ಬೀಳ್ಲಿ ಬಿಡ್ರಿ ಸಾರ್. ಸಿಮೆಂಟು ಮನಿ ಕಟ್ಟೋಕೆ ಇರ್ಲಿ."

ಆ ಎರಡು ನಿಮಿಷದ ಕೆಲಸದ ಕುರಿತೇ ಈ ಲೇಖನ.

ಮಲೆನಾಡಿನಲ್ಲಿ ಕುಳಿತು ಬಯಲುಸೀಮೆಯ ಬಾವಿಗಳ ಕುರಿತು ಬರೆಯುವುದು ಅಧಿಕಪ್ರಸಂಗವೆಂದು ಕೆಲವು ಓದುಗರಿಗೆ ಅನ್ನಿಸಬಹುದು. ಆದರೆ ನಮ್ಮ ಗುಡ್ಡಗಳಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಿ ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನಲ್ಲೇ ಹರಿಯುತ್ತವೆ. ಬಯಲಿನಲ್ಲಿ ಕೊರೆಯುವ ಅದೇ ರಿಗ್ಗುಗಳು, ಬಹುಪಾಲು ತಮಿಳುನಾಡಿನ ತಿರುಚೆಂಗೋಡಿನವು, ಈಗ ನಮ್ಮ ಅಡಿಕೆ ತೋಟಗಳಿಗೂ ಬರುತ್ತಿವೆ. ಅಲ್ಲಿ ನಡೆದ ತಪ್ಪು ಇಲ್ಲಿಗೂ ಲಾರಿ ಹತ್ತಿಯೇ ಬರುತ್ತದೆ.

ಇನ್ನೊಂದು ನಿಮಿತ್ತವೂ ಉಂಟು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಭೂಶಾಖ ಶಕ್ತಿಯ ಕುರಿತ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಭೂಗರ್ಭದ ಬಿಸಿಯನ್ನು ಆಳದ ಬಾವಿಗಳ ಮೂಲಕ ಮೇಲೆತ್ತಿ ವಿದ್ಯುತ್ತಿಗೂ ಕಟ್ಟಡಗಳ ಕಾವು–ತಂಪಿಗೂ ಬಳಸುವ ಆಲೋಚನೆಯಿದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ದೇಶದಲ್ಲಿ ಇಂಥ 381 ತಾಣಗಳನ್ನು ಗುರುತಿಸಿದೆ. ಗೆಳೆಯರ ಸಭೆಯೊಂದರಲ್ಲಿ ಈ ವಿಷಯ ಬಂದಾಗ ನಾನು ಭೂಶಾಖದ ಬಾವಿಗಳನ್ನು ಹೇಗೆ ಕಟ್ಟುತ್ತಾರೆಂದು ಓದಲು ತೊಡಗಿದೆ. ಓದುತ್ತ ಹೋದಂತೆ ಕೊಟ್ಟೂರಿನ ಆ ಹುಡುಗನ ಕಾಲು ಮತ್ತೆ ಮತ್ತೆ ನೆನಪಾಯಿತು.

ಭೂಶಾಖದ ಬಾವಿಯಲ್ಲಿ ಕೇಸಿಂಗ್ ಇಳಿಸುವುದು ಅರ್ಧ ಕೆಲಸ ಮಾತ್ರ. ಸಿಮೆಂಟಿನ ಗಂಜಿಯನ್ನು ಕೊಳವೆಯ ಒಳಗಿನಿಂದ ತಳಕ್ಕೆ ಒತ್ತಿ, ಅದು ಹೊರಸುತ್ತಿನ ಸಂದಿನಲ್ಲಿ ಕೆಳಗಿನಿಂದ ಮೇಲೇರಿ ನೆಲದ ಮಟ್ಟದಲ್ಲಿ ಕಾಣಿಸಿಕೊಳ್ಳುವವರೆಗೂ ತುಂಬುತ್ತಾರೆ. ನಡುವೆ ಒಂದು ಕೊಡದಷ್ಟು ನೀರು ಸಿಕ್ಕಿಕೊಂಡರೂ ಅಪಾಯ: ಬಾವಿ ಕಾದಾಗ ಆ ನೀರು ಹಿಗ್ಗಿ ಉಕ್ಕಿನ ಕೊಳವೆಯನ್ನೇ ಒಳಕ್ಕೆ ಜಜ್ಜಿಬಿಡಬಲ್ಲದು. ಶಾಖ ಸುಮಾರು 110 ಡಿಗ್ರಿ ಸೆಲ್ಸಿಯಸ್ ದಾಟಿದಲ್ಲಿ ಸಾಮಾನ್ಯ ಸಿಮೆಂಟು ಕ್ರಮೇಣ ಬಲ ಕಳೆದುಕೊಳ್ಳುವುದರಿಂದ ಅದರ ತೂಕದ ಶೇ. 35ರಿಂದ 40ರಷ್ಟು ನುಣ್ಣನೆಯ ಸಿಲಿಕಾ ಪುಡಿಯನ್ನು ಬೆರೆಸುತ್ತಾರೆ. ಗಟ್ಟಿಯಾಗುವವರೆಗೆ ಕಾಯುತ್ತಾರೆ. ಆಮೇಲೆ ಶಬ್ದತರಂಗದ ಉಪಕರಣ ಇಳಿಸಿ, ಸಿಮೆಂಟು ಕೊಳವೆಗೂ ಬಂಡೆಗೂ ಸರಿಯಾಗಿ ಅಂಟಿದೆಯೇ ಎಂದು ಪರೀಕ್ಷಿಸುತ್ತಾರೆ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆಂಬುದಕ್ಕೆ ಜರ್ಮನಿಯ ಸ್ಟೌಫನ್ ಎಂಬ ಹಳೆಯ ಊರು ಸಾಕ್ಷಿ. 2007ರಲ್ಲಿ ಅಲ್ಲಿಯ ಪುರಭವನವನ್ನು ಬೆಚ್ಚಗಿಡಲು ತಲಾ 140 ಮೀಟರ್ ಆಳದ ಏಳು ರಂಧ್ರಗಳನ್ನು ಕೊರೆದರು. ನಮ್ಮ ಲೆಕ್ಕದಲ್ಲಿ 460 ಅಡಿ. ಕೂಡ್ಲಿಗಿಯ ರೈತ ಇದನ್ನು ಆಳದ ಬಾವಿಯೆಂದು ಕರೆಯಲಾರ. ರಂಧ್ರಗಳ ಸುತ್ತಿನ ಸಂದು ಸರಿಯಾಗಿ ಮುಚ್ಚಲಿಲ್ಲ. ಒತ್ತಡದಲ್ಲಿದ್ದ ಅಂತರ್ಜಲವು ಆ ಸಂದಿನ ಮೂಲಕ, ಅದುವರೆಗೆ ಒಣಗಿಯೇ ಇದ್ದ ಆನ್‌ಹೈಡ್ರೈಟ್ ಎಂಬ ಖನಿಜದ ಪದರವನ್ನು ಮುಟ್ಟಿತು. ನೀರು ಹೀರಿದ ಆ ಖನಿಜ ಜಿಪ್ಸಂ ಆಗಿ ಉಬ್ಬಿತು. ಊರಿಗೆ ಊರೇ ಮೇಲೇಳತೊಡಗಿತು. 250ಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು. ನಮ್ಮ ದೇಶದಲ್ಲಿ ಲಡಾಖಿನ ಪೂಗಾ ಕಣಿವೆಯಲ್ಲಿ ಒ.ಎನ್.ಜಿ.ಸಿ. ಕೈಗೊಂಡ ಮೊದಲ ಯತ್ನದಲ್ಲೇ, 2022ರ ಆಗಸ್ಟಿನಲ್ಲಿ, ಭೂಗರ್ಭದ ಬಿಸಿ ದ್ರವ ಹೊರನುಗ್ಗಿ ತೊರೆಯನ್ನು ಸೇರಿ ಕೆಲಸ ನಿಲ್ಲಿಸಬೇಕಾಯಿತು.

ಕೂಡ್ಲಿಗಿಯ ಕಗ್ಗಲ್ಲು ಸ್ಟೌಫನ್ನಿನ ಖನಿಜದಂತೆ ಉಬ್ಬುವುದಿಲ್ಲ, ಇಲ್ಲಿ ಯಾರ ಮನೆಯೂ ಮೇಲೇಳುವುದಿಲ್ಲ ಎಂಬುದು ನಿಜ. ಇಲ್ಲಿ ಕೆಡುವುದು ಕಣ್ಣಿಗೆ ಬೀಳುವ ವಸ್ತುವಲ್ಲ. ಆದುದರಿಂದಲೇ ಅದನ್ನು ಕೇಳುವವರಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — 2021ರಲ್ಲಿ ಆದ ವಿಜಯನಗರ ಜಿಲ್ಲೆಯಿಂದ ಹೊಸಪೇಟೆಯೊಂದನ್ನು ತೆಗೆದರೆ ಉಳಿಯುವ ಐದು ತಾಲ್ಲೂಕುಗಳು ಇವು. ಹೊಸಪೇಟೆಗೆ ಅಣೆಕಟ್ಟೂ ಕಾಲುವೆಯೂ ದಕ್ಕಿದವು. ಈ ಐದರ ಬಹುಭಾಗಕ್ಕೆ ದಕ್ಕಿದ್ದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಮತ್ತು ರಿಗ್ಗಿನ ಲಾರಿ. ಹಗರಿಬೊಮ್ಮನಹಳ್ಳಿಯ ಸೀಮೆಯಂತೂ ತುಂಗಭದ್ರಾ ಜಲಾಶಯಕ್ಕಾಗಿ ಊರುಗಳನ್ನೇ ಬಿಟ್ಟುಕೊಟ್ಟಿತು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಬದಲಾದಾಗಲೆಲ್ಲ ಕಡತಗಳು ಊರೂರು ಸುತ್ತಿದವು. ನೀರಿನ ಪ್ರಶ್ನೆ ಇದ್ದಲ್ಲೇ ಇತ್ತು.

ಈ ಸೀಮೆಯ ನೆಲದಡಿ ಹೆಚ್ಚಾಗಿ ಗ್ರಾನೈಟು ಮತ್ತು ನೈಸ್ ಶಿಲೆ. ಮೇಲ್ಪದರದ ಗರಸು ಮತ್ತು ಕೊಳೆತ ಕಲ್ಲಿನಲ್ಲಿ ಮಳೆನೀರು ಸ್ಪಂಜಿನಲ್ಲಿ ನಿಂತಂತೆ ನಿಲ್ಲುತ್ತದೆ. ಅಜ್ಜಂದಿರ ಕಾಲದ ಕಪಿಲೆ ಬಾವಿಗಳು ಮೂವತ್ತು–ನಲವತ್ತು ಅಡಿಯಲ್ಲಿ ಇದೇ ನೀರನ್ನು ನಂಬಿಕೊಂಡಿದ್ದವು. ಅದರ ಕೆಳಗೆ ಕಗ್ಗಲ್ಲು. ಕಗ್ಗಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಬಿರುಕಿನಲ್ಲಿ ಬಹುಕಾಲದಿಂದ ನಿಂತ ನೀರು. ಇವೆರಡೂ ಒಂದೇ ಜಾತಿಯ ನೀರಲ್ಲ. ಮೇಲಿನದು ಹೊಸ ನೀರು, ಆದರೆ ಹೊಲದ, ಹಟ್ಟಿಯ, ಚರಂಡಿಯ ನಂಟು ಇರುವಂಥದು. ಅದರ ರೋಗ ನೈಟ್ರೇಟು. ಕೆಳಗಿನದು ಹಳೆಯ ನೀರು. ಕಲ್ಲಿನೊಳಗಿನ ಫ್ಲೋರೈಡುಳ್ಳ ಖನಿಜಗಳೊಡನೆ ದೀರ್ಘಕಾಲ ಸಹವಾಸ ಮಾಡಿ, ಕ್ಷಾರತೆ ಏರಿ, ಸುಣ್ಣದ ಅಂಶ ಇಳಿದಾಗ ಫ್ಲೋರೈಡನ್ನು ತನ್ನೊಳಗೆ ಬಿಟ್ಟುಕೊಂಡಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ನೈಟ್ರೇಟಿಗೆ 45, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಕೂಡ್ಲಿಗಿ ಸೀಮೆಯ ಹಳ್ಳಿಗಳಲ್ಲಿ ಕಂದು ಪಟ್ಟೆಯ ಹಲ್ಲು, ಬಗ್ಗದ ಮೊಣಕಾಲು ಏನೆಂಬುದನ್ನು ಯಾರೂ ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

ಈ ಎರಡು ನೀರುಗಳ ನಡುವಿನ ಕಲ್ಲನ್ನು ಒಂದು ರಾತ್ರಿಯಲ್ಲಿ ತೂತು ಮಾಡಿ, ಸುತ್ತಿನ ಸಂದನ್ನು ತೆರೆದೇ ಬಿಟ್ಟರೆ ಏನಾಗುತ್ತದೆ? ಮೇಲಿನ ನೀರು ಕೇಸಿಂಗಿನ ಹೊರಮೈ ಹಿಡಿದು ಇಳಿದು, ಅದರ ತುದಿಯಲ್ಲಿ ನುಸುಳಿ, ಕೆಳಗಿನ ಬಿರುಕುಗಳಿಗೆ ಬೀಳುತ್ತದೆ. ಮೋಟರು ನಿಂತ ರಾತ್ರಿಯಲ್ಲಿ ಬಾವಿಯ ಬಾಯಿಗೆ ಕಿವಿಯಿಟ್ಟರೆ ಒಳಗೆ ನೀರು ಬೀಳುವ ಸದ್ದು ಕೇಳಿಸುವುದುಂಟು. ಗಂಗಮ್ಮ ಒಲಿದಳೆಂದು ಹಿಗ್ಗಿ ನನಗೆ ಅದನ್ನು ಕೇಳಿಸಿದ ರೈತರಿದ್ದಾರೆ. ನಿಜದಲ್ಲಿ ಅದು ಅವರದೇ ಹೊಲದ ಮೇಲ್ಪದರ, ನೆರೆಯವರ ತೆರೆದ ಬಾವಿ, ದೂರದ ಕೆರೆಯಂಗಳದ ತೇವ, ಇವೆಲ್ಲವೂ ಕೆಳಕ್ಕೆ ಸೋರುವ ಸದ್ದು. ತೆರೆದ ಬಾವಿಗಳು ಬತ್ತಿದ್ದಕ್ಕೆ ಮಳೆಯನ್ನೂ ಪಂಪುಗಳನ್ನೂ ದೂರುತ್ತೇವೆ. ಅವುಗಳ ಪಾಲು ದೊಡ್ಡದೇ. ಆದರೆ ತಳವಿಲ್ಲದ ಈ ಸಾವಿರಾರು ತೂತುಗಳ ಪಾಲನ್ನು ಲೆಕ್ಕಕ್ಕೆ ಹಿಡಿದವರು ವಿರಳ.

ಇಲ್ಲಿ ನನ್ನ ವೃತ್ತಿಯವರ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 100ರಿಂದ 150 ಕಿಲೋ ಸಾರಜನಕ ಹಾಕಿರೆಂದು ಶಿಫಾರಸು ಮಾಡಿದವರು ನಾವು ಕೃಷಿ ವಿಜ್ಞಾನಿಗಳೇ. ನೈಟ್ರೇಟನ್ನು ಮಣ್ಣಿನ ಜೇಡಿಕಣ ಹಿಡಿದಿಟ್ಟುಕೊಳ್ಳದು, ನೀರು ಹೋದಲ್ಲಿಗೆ ಅದೂ ಹೋಗುತ್ತದೆ ಎಂಬುದನ್ನು ಮೊದಲ ವರ್ಷದ ವಿದ್ಯಾರ್ಥಿಗಳಿಗೂ ಪಾಠ ಹೇಳುತ್ತೇವೆ. ಆದರೆ ನೀರು ಎಲ್ಲಿಗೆ ಹೋಗುತ್ತದೆಂದು ಹೊಲದ ಮೂಲೆಯ ಬೋರಿನ ಬಳಿ ಹೋಗಿ ನೋಡಲಿಲ್ಲ. ಹೆಕ್ಟೇರಿನ ಇಳುವರಿ ನಮ್ಮ ಇಲಾಖೆ, ಬಾವಿಯ ನೀರು ಇನ್ನೊಂದು ಇಲಾಖೆ ಎಂಬ ವಿಭಜನೆಯಲ್ಲಿ ನಾವೆಲ್ಲ ನೆಮ್ಮದಿಯಾಗಿದ್ದೆವು.

ಹಾಗಾದರೆ ಕಾನೂನು ಇಲ್ಲವೇ? ಇದೆ. ಮಕ್ಕಳು ಕೊಳವೆ ಬಾವಿಗಳಿಗೆ ಬಿದ್ದು ಸಾಯುತ್ತಿದ್ದುದನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2010ರ ಫೆಬ್ರವರಿಯಲ್ಲಿ ಮಾರ್ಗಸೂಚಿ ನೀಡಿ, ಅದೇ ಆಗಸ್ಟಿನಲ್ಲಿ ಪರಿಷ್ಕರಿಸಿತು. ಕೊರೆಯುವ 15 ದಿನ ಮೊದಲು ಮಾಹಿತಿ ಕೊಡಬೇಕು, ರಿಗ್ಗುಗಳು ನೋಂದಣಿಯಾಗಬೇಕು, ಬಾವಿಯ ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯಬೇಕು ಇಲ್ಲವೇ ಬೋಲ್ಟು ಹಾಕಿ ಬಿಗಿಯಬೇಕು, ಸೋತ ಬಾವಿಯನ್ನು ತಳದಿಂದ ನೆಲದವರೆಗೆ ಜೇಡಿ, ಮರಳು, ಕಲ್ಲುಗಳಿಂದ ತುಂಬಬೇಕು. ಕರ್ನಾಟಕ ಅಂತರ್ಜಲ ಅಧಿನಿಯಮ 2011ರದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲಿನಲ್ಲಿ ಮಗುವೊಂದು ಬಾವಿಗೆ ಬಿದ್ದು ಸುಮಾರು ಇಪ್ಪತ್ತು ಗಂಟೆಗಳ ಬಳಿಕ ಜೀವಂತವಾಗಿ ಮೇಲೆ ಬಂದಾಗ ಇಡೀ ನಾಡು ನಿಟ್ಟುಸಿರು ಬಿಟ್ಟಿತು. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆ ಭಾಗ್ಯ ಇರಲಿಲ್ಲ. ಲಚ್ಯಾಣದ ಘಟನೆಯಾದ ವರ್ಷವೇ ರಾಜ್ಯ ಸರ್ಕಾರ ಅಧಿನಿಯಮಕ್ಕೆ ತಿದ್ದುಪಡಿ ತಂದು ಸೋತ ಬಾವಿ ಮುಚ್ಚದವರಿಗೆ ದಂಡನೆಯನ್ನು ಕಠಿಣಗೊಳಿಸಿತು.

ಇವೆಲ್ಲ ಆಗಬೇಕಾದ್ದೇ. ಆದರೆ ನ್ಯಾಯಾಲಯದ ಮಾರ್ಗಸೂಚಿಯಲ್ಲಿ ಸಿಮೆಂಟು ಎಂಬ ಶಬ್ದ ಎಲ್ಲಿ ಬರುತ್ತದೆ ಗಮನಿಸಿ. ಕೇಸಿಂಗಿನ ಸುತ್ತ ಅರ್ಧ ಮೀಟರ್ ಚೌಕದ ಕಟ್ಟೆ: ನೆಲದ ಮೇಲೆ 0.30 ಮೀಟರ್, ನೆಲದ ಕೆಳಗೆ 0.30 ಮೀಟರ್. ಅಂದರೆ ಒಂದು ಅಡಿ. ಎಂಟುನೂರು ಅಡಿಯ ಬಾವಿಗೆ ಒಂದು ಅಡಿ ಸಿಮೆಂಟು! ಮಗು ಬೀಳದಂತೆ ತಡೆಯಲು ಅದು ಸಾಕು. ನೀರು ಬೀಳದಂತೆ ತಡೆಯಲು ಸಾಲದು. ಅದನ್ನೂ ಎಷ್ಟು ಹೊಲಗಳಲ್ಲಿ ಕಟ್ಟಿದ್ದಾರೆಂದು ಓದುಗರು ತಮ್ಮ ಊರಿನಲ್ಲೇ ಎಣಿಸಿ ನೋಡಬಹುದು. ಸೋತ ಬಾವಿಗಳಲ್ಲಿ ಇನ್ನೊಂದು ಅನಾಹುತ: ಪೈಪಿನ ಹಣವಾದರೂ ಉಳಿಯಲೆಂದು ಕೇಸಿಂಗನ್ನೇ ಕಿತ್ತು ಒಯ್ಯುತ್ತಾರೆ. ಆಗ ಉಳಿಯುವುದು ಅಗಲವಾದ ಬಾಯಿ, ಕುಸಿಯುವ ಅಂಚು. ಮೇಲೊಂದು ಚಪ್ಪಡಿ ಎಳೆದರೆ ಕರ್ತವ್ಯ ಮುಗಿಯಿತು. ತಳದಿಂದ ತುಂಬಬೇಕೆಂಬ ಮಾತು ಕಾಗದದಲ್ಲಿ.

ಸಿಮೆಂಟು ತುಂಬಿದರೆ ವೆಚ್ಚ ಹೆಚ್ಚುತ್ತದೆಂಬ ವಾದವನ್ನು ಲೆಕ್ಕ ಹಾಕಿಯೇ ನೋಡೋಣ. ಒಂಬತ್ತು ಅಂಗುಲದ ರಂಧ್ರ, ಏಳು ಅಂಗುಲದ ಕೇಸಿಂಗ್, ನಲವತ್ತು ಅಡಿ ಆಳ. ನಡುವಿನ ಸಂದಿನ ಗಾತ್ರ ಸುಮಾರು 198 ಲೀಟರು. ಒಂದು ಚೀಲ ಸಿಮೆಂಟಿಗೆ 25 ಲೀಟರ್ ನೀರು ಬೆರೆಸಿದರೆ ಸುಮಾರು 41 ಲೀಟರ್ ಗಂಜಿ. ಅಂದರೆ ಹೆಚ್ಚುಕಡಿಮೆ ಐದು ಚೀಲ. ಸೋರಿಕೆ, ವ್ಯರ್ಥ ಸೇರಿಸಿ ಆರು ಚೀಲ ಎಂದಿಟ್ಟುಕೊಳ್ಳಿ. ಲಕ್ಷ ರೂಪಾಯಿ ದಾಟುವ ಬಾವಿಯಲ್ಲಿ ಆರು ಚೀಲ ಸಿಮೆಂಟು ದುಬಾರಿ ಎನ್ನುವವರು, ಅದೇ ಬಾವಿಗೆ ಪೂಜೆ, ಪಾಯಿಂಟು, ಊಟ, ಮದ್ಯವೆಂದು ಆಗುವ ಖರ್ಚನ್ನು ಪಕ್ಕದಲ್ಲಿ ಬರೆದು ನೋಡಲಿ.

ಹಣಕ್ಕಿಂತ ಗಟ್ಟಿಯಾದ ಅಡ್ಡಿ ಸಮಯದ್ದು. ಗಂಜಿಯನ್ನು ಮೇಲಿನಿಂದ ಸುರಿದರೆ ಪ್ರಯೋಜನವಿಲ್ಲ, ಅರ್ಧದಲ್ಲೇ ಕಟ್ಟಿಕೊಳ್ಳುತ್ತದೆ. ಸಣ್ಣ ಪೈಪೊಂದನ್ನು ಸಂದಿನ ತಳದವರೆಗೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ತುಂಬಬೇಕು. ಕೇಸಿಂಗಿನ ತುದಿ ಕೊಳೆತ ಕಲ್ಲಿನಲ್ಲಿ ತೂಗಾಡದೆ ಗಟ್ಟಿ ಕಲ್ಲಿನೊಳಗೆ ಕೂತಿರಬೇಕು. ಸಿಮೆಂಟು ಬಿಗಿಯುವವರೆಗೆ ಒಂದು ದಿನವಾದರೂ ಕೊರೆತ ನಿಲ್ಲಬೇಕು. ಅಡಿಯ ಲೆಕ್ಕದಲ್ಲಿ ದುಡಿಯುವ ರಿಗ್ಗು ಒಂದು ದಿನ ಸುಮ್ಮನೆ ನಿಲ್ಲುವುದೆಂದರೆ ಅದರ ಮಾಲೀಕರಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ. ನಾನು ಇದನ್ನು ಕುಹಕವಾಗಿ ಹೇಳುತ್ತಿಲ್ಲ. ಆ ಲಾರಿಯ ಹುಡುಗರು ನಿದ್ದೆಗೆಟ್ಟು ದುಡಿಯುವವರು. ಆದರೆ ಇದಕ್ಕೆ ಉಪಾಯವಿಲ್ಲವೆಂದಲ್ಲ. ಶೇ. 2ರಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಸಿಮೆಂಟು ಬೇಗ ಬಿಗಿಯುತ್ತದೆ. ಮೊದಲ ನಲವತ್ತು ಅಡಿಯನ್ನು ಒಂದು ದಿನ ನಾಲ್ಕಾರು ಹೊಲಗಳಲ್ಲಿ ಮುಗಿಸಿ, ಮರುದಿನದಿಂದ ಅದೇ ಸರದಿಯಲ್ಲಿ ಕಲ್ಲು ಕೊರೆಯುತ್ತ ಬರಬಹುದು. ಊರಿನವರು ಕೂಡಿ ರಿಗ್ಗು ಕರೆಸಿದರೆ ಇದು ಅಸಾಧ್ಯವಲ್ಲ.

ಇನ್ನೊಂದು ಆಕ್ಷೇಪಣೆ ಮಾತ್ರ ನನ್ನನ್ನು ನಿಜವಾಗಿ ಕಾಡಿದೆ. "ಸಂದು ಮುಚ್ಚಿದ್ರೆ ಮೇಲಿನ ನೀರೂ ಹೋತಲ್ರಿ?" ಎಂದು ಹಡಗಲಿಯ ಕಡೆಯ ಮಲ್ಲಿಗೆ ಬೆಳೆಗಾರರೊಬ್ಬರು ಕೇಳಿದರು. ಅವರಿಗೆ ಇರುವುದು ಒಂದೇ ಬಾವಿ, ಕಾಲು ಎಕರೆ ಹೂ. ಮಳೆಗಾಲದ ನಾಲ್ಕು ತಿಂಗಳು ಮೇಲ್ಪದರದ ನೀರು ಇಳಿದು ಬರುವುದರಿಂದಲೇ ಅವರ ಪಂಪು ನಡೆಯುತ್ತದೆ. ಅದನ್ನು ಮುಚ್ಚಿರೆಂದು ಹೇಳಲು ನನಗೆ ಯಾವ ಅಧಿಕಾರ? ಬಹಳ ಯೋಚಿಸಿದ ಮೇಲೂ ನನ್ನ ಉತ್ತರ ಪೂರ್ತಿ ತೃಪ್ತಿಕರವಲ್ಲ. ನೀರಾವರಿಯ ಬಾವಿಗಳಲ್ಲಿ ಮೇಲಿನ ಇಪ್ಪತ್ತು ಅಡಿಯನ್ನಾದರೂ ಕಡ್ಡಾಯವಾಗಿ ಮುಚ್ಚಲಿ. ಗೊಬ್ಬರದ, ಕೊಟ್ಟಿಗೆಯ ನೀರು ನೇರವಾಗಿ ಇಳಿಯುವುದು ಅಷ್ಟರಿಂದ ತಗ್ಗುತ್ತದೆ. ಕುಡಿಯುವ ನೀರಿನ ಬಾವಿಗಳಲ್ಲಿ ಮಾತ್ರ ಗಟ್ಟಿ ಕಲ್ಲಿನವರೆಗೂ ಮುಚ್ಚಬೇಕು, ಅಲ್ಲಿ ರಾಜಿ ಸಲ್ಲದು. ಇದು ಅರ್ಧ ಪರಿಹಾರ. ಮೇಲ್ಪದರ ಕೆಳಕ್ಕೆ ಸೋರುವುದು ಇದರಿಂದ ನಿಲ್ಲದು. ಅದನ್ನು ನಿಲ್ಲಿಸಬೇಕಾದರೆ ಮೇಲಿನ ನೀರನ್ನು ಮೇಲೆಯೇ ಎತ್ತಿಕೊಳ್ಳುವ ತೆರೆದ ಬಾವಿಗಳಿಗೆ ಮತ್ತೆ ಮರ್ಯಾದೆ ಬರಬೇಕು. ತುಂಗಭದ್ರೆಯಿಂದ ಕೂಡ್ಲಿಗಿಯ 74 ಕೆರೆಗಳನ್ನು ತುಂಬಿಸುವಂಥ ಯೋಜನೆಗೆ ನೂರಾರು ಕೋಟಿ ಸುರಿಯುವ ಸರ್ಕಾರ, ಆ ಕೆರೆಗಳ ಕೆಳಗಿನ ಹಳೆಯ ಬಾವಿಗಳ ಹೂಳನ್ನು ತೆಗೆಸುವುದನ್ನೂ ಅದೇ ಕಾಮಗಾರಿಯ ಭಾಗವೆಂದು ಏಕೆ ಎಣಿಸಬಾರದು? ಕೆರೆ ತುಂಬಿದ ನೀರು ಕೇಸಿಂಗಿನ ಸಂದುಗಳಲ್ಲಿ ಇಳಿದುಹೋಗುವುದಾದರೆ ತುಂಬಿಸಿದ್ದು ಯಾರಿಗಾಗಿ?

ಜೊತೆಗೆ, ಮರುಪೂರಣದ ಹೆಸರಿನಲ್ಲಿ ನಡೆಯುವ ಒಂದು ಅತ್ಯುತ್ಸಾಹದ ಬಗ್ಗೆಯೂ ಎಚ್ಚರಿಕೆ ಬೇಕು. ಕೇಸಿಂಗಿಗೆ ತೂತು ಕೊರೆದು, ಸುತ್ತ ಜಲ್ಲಿ ತುಂಬಿದ ಗುಂಡಿ ಮಾಡಿ, ಹೊಲದ ಹರಿನೀರನ್ನು ಬಾವಿಯೊಳಕ್ಕೇ ಬಿಡುವ ಪದ್ಧತಿಯನ್ನು ನಮ್ಮ ಪರಿಸರದ ಗೆಳೆಯರೇ ಪ್ರಚಾರ ಮಾಡುತ್ತಾರೆ. ಚಾವಣಿಯ ನೀರಿಗೆ ಅದು ಸರಿ. ಯೂರಿಯಾ ಹಾಕಿದ, ಕೀಟನಾಶಕ ಸಿಂಪಡಿಸಿದ ದಾಳಿಂಬೆ ತೋಟದ ನೀರಿಗೆ ಸರಿಯಲ್ಲ. ಜಲ್ಲಿ ಕೆಸರನ್ನು ಹಿಡಿದೀತು, ನೈಟ್ರೇಟನ್ನು ಹಿಡಿಯದು. ಒಳ್ಳೆಯ ಉದ್ದೇಶಕ್ಕೆ ಬಾವಿ ರಿಯಾಯಿತಿ ಕೊಡುವುದಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಸರ್ಕಾರವೇ ಹಣ ಕೊಡುವ ಬಾವಿಗಳಿಂದ, ಅಂದರೆ ಗಂಗಾ ಕಲ್ಯಾಣ ಯೋಜನೆಯವು ಮತ್ತು ಪಂಚಾಯಿತಿಗಳ ಕುಡಿಯುವ ನೀರಿನವು, ಇವುಗಳಿಂದ ಆರಂಭವಾಗಲಿ. ಕೇಸಿಂಗ್ ಎಷ್ಟು ಅಡಿ, ಅದು ಯಾವ ಕಲ್ಲಿನಲ್ಲಿ ಕೂತಿತು, ಸಂದಿಗೆ ಎಷ್ಟು ಚೀಲ ಸಿಮೆಂಟು ಹೋಯಿತು, ಯಾವ ಅಡಿಯಲ್ಲಿ ನೀರು ಬಂತು — ಈ ನಾಲ್ಕು ಸಂಗತಿ ಬರೆದ ಹಾಳೆಯಿಲ್ಲದೆ ಗುತ್ತಿಗೆದಾರನ ಬಿಲ್ಲು ಪಾಸಾಗಬಾರದು. ಅದರ ಒಂದು ಪ್ರತಿ ಫಲಾನುಭವಿಯ ಕೈಗೆ, ಒಂದು ಪಂಚಾಯಿತಿಯ ಗೋಡೆಗೆ. ಸೋತ ಬಾವಿಗೂ ಹಾಗೆಯೇ: ತಳದಿಂದ ತುಂಬಿದ ಲೆಕ್ಕ ಕೊಟ್ಟ ಮೇಲೆಯೇ ಮುಂದಿನ ಬಾವಿಗೆ ಅನುಮತಿ. ಖಾಸಗಿ ರಿಗ್ಗುಗಳ ನೋಂದಣಿ ನವೀಕರಣಕ್ಕೂ ಇದೇ ಹಾಳೆಗಳನ್ನು ಕೇಳಲಿ. ಲಡಾಖಿನ ಬಿಸಿಗೆ ನೀತಿ ಬರೆಯಬಲ್ಲ ರಾಜ್ಯವ್ಯವಸ್ಥೆಗೆ ಇಷ್ಟು ಬರೆಯುವ ಶಕ್ತಿ ಇಲ್ಲವೆಂದು ನಾನು ನಂಬಲಾರೆ.

ನಮ್ಮ ಸೀಮೆಯ ಓದುಗರಿಗೆ ಒಂದು ಮಾತು. ಈ ಬೇಸಿಗೆಯಲ್ಲೂ ಘಟ್ಟದ ಮೇಲಿನ ತೋಟಗಳಿಗೆ ಲಾರಿಗಳು ಬರುತ್ತವೆ. ನಮ್ಮ ಮಣ್ಣು ಆಳ. ಕೇಸಿಂಗ್ ನೂರಡಿ ಮೀರುವುದೂ ಉಂಟು, ಸಂದೂ ಅಷ್ಟೇ ಉದ್ದ. ನಮ್ಮ ಮನೆಯ ಬಾವಿಯಲ್ಲೇ ಜಡಿಮಳೆ ಹಿಡಿದ ಮೂರನೆಯ ದಿನ ಕೆಮ್ಮಣ್ಣಿನ ನೀರು ಬರುತ್ತದೆ. ಕೊರೆಸುವಾಗ ಕೇಳುವ ಬುದ್ಧಿ ನನಗೆ ಇರಲಿಲ್ಲ. ದರ ಮಾತಾಡುವಾಗಲೇ ಸಂದು ತುಂಬುವ ಕೆಲಸವನ್ನು ಬಿಲ್ಲಿನ ಒಂದು ಸಾಲಾಗಿ ಬರೆಸಿಕೊಳ್ಳಿ. ಆರು ಚೀಲವೋ ಹದಿನೈದೋ, ಸಿಮೆಂಟನ್ನು ರಿಗ್ಗು ಬರುವ ಮೊದಲೇ ತಂದಿಟ್ಟುಕೊಳ್ಳಿ. ಗಂಜಿ ಇಳಿಸುವ ಸಣ್ಣ ಪೈಪು ಅವರ ಲಾರಿಯಲ್ಲಿ ಇರುವುದಿಲ್ಲ, ಅದನ್ನೂ ಹುಡುಕಿಡಿ. ತೋಟದ ಹನಿ ನೀರಾವರಿಯ ಹಳೆಯ ಒಂದಂಗುಲದ ಪೈಪು ಸಂದಿಗೆ ಹಿಡಿಯದು, ಮುಕ್ಕಾಲು ಅಂಗುಲದ್ದು ಬೇಕು.